ಹಣಮಂತ ಉಳಿಸಿಹೋದ ಕೆಲಸ

ಜೋರಾಪುರ ಪೇಟೆ, ವಿಜಾಪುರ
ತಾ. 14-11-1946

ಚಿ. ಸೌ. ಪರಸವ್ವನಿಗೆ ನಿನ್ನ ಮಾವ ಶಿವಯೋಗೆಪ್ಪನ ಆಶೀರ್ವಾದಗಳು.

ನಾನು, ನಿನ್ನತ್ತೆ ಇಬ್ಬರೂ ಕ್ಷೇಮ. ಬಬಲೇಶ್ವರದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಸೌಭಾಗ್ಯವತಿ ಎಂದು ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ. ದೀಪಾವಳಿಗೆ ತವರಿಗೆ ಹೋದವಳಿಗೆ ಇಷ್ಟು ದಿನ ಒಂದು ಕಾರ್ಡೂ ಹಾಕಲಿಲ್ಲ, ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ನಿನ್ನತ್ತೆ ರುದ್ರವ್ವ ಎದುರಿಗೆ ಬಂದು ಕೂಡುತ್ತಿದ್ದಳು, ನಾನು ಎದ್ದುಬಿಡುತ್ತಿದ್ದೆ. ಇದನ್ನು ನೀನೇ ಓದು, ನಿನ್ನ ತಮ್ಮನಿಂದ ಓದಿಸಬೇಡ.

ನಿಮ್ಮಪ್ಪ ಗುರಲಿಂಗಪ್ಪ ಹೋದ ವಾರ ನನ್ನ ಬಾಡಿಗೆ ಮೋಟಾರು ಹತ್ತಿದ್ದ. ದಾರಿಯುದ್ದಕ್ಕೂ ಜೋಳದ ಬೆಳೆಯ ಮಾತಾಡಿ, ಇಳಿಯುವಾಗ ವಿಷಯ ತೆಗೆದ. ಹೆಂಡತಿ ತೀರಿಕೊಂಡ ಸಾರವಾಡದ ಶಂಕರೆಪ್ಪ ನಿನ್ನನ್ನು ಉಡಕಿ ಮಾಡಿಕೊಳ್ಳಲು ಒಪ್ಪಿದ್ದಾನಂತೆ. ಗಂಡನಿಲ್ಲದವಳಿಗೆ ಮತ್ತೊಮ್ಮೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ನಮ್ಮವರಲ್ಲಿ ಇದ್ದದ್ದೇ.

"ಹುಡಿಗಿ ಒಲ್ಲೆ ಅಂತಾಳ್ರಿ ಬೀಗರ. ಮಾವಾರು ಮೋಟಾರ ಇನ್ನಾ ಯಾರಿಗೂ ಮುಟ್ಟಸಿಲ್ಲ, ಅವರ ಕಾಯಾಕತ್ತಾಗ ನಾ ಹ್ಯಾಂಗ ಹೋಗ್ಲಿ ಅಂತಾಳ," ಎಂದ.

ನಾನು ಗಾಡಿ ತಿರುಗಿಸಿದೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಬೇಡ.

ನೀನು ಹೇಳಿದ್ದು ಖರೆ. ಇಂಜಿನ್ನಿನ ಹೊಗೆಯನ್ನೆಲ್ಲ ಕೂಡಿಸಿ ಹೊರಗೆ ಒಯ್ಯುವ ಬೀಡುಕಬ್ಬಿಣದ ಕೊಳವೆ ಇದೆಯಲ್ಲ, ಆ ಮ್ಯಾನಿಫೋಲ್ಡು ಇಂಜಿನ್ನಿಗೆ ಕೂಡುವಲ್ಲಿ ಸಂದಿ ಮುಚ್ಚುವ ಪ್ಯಾಕಿಂಗ್ ಸುಟ್ಟು ಹೊಗೆ ಸೋರುತ್ತಿತ್ತು. ಯುದ್ಧದ ಕಾಲ, ಹೊಸದು ಎಲ್ಲಿಯೂ ಸಿಗಲಿಲ್ಲ. ನಿನ್ನ ಗಂಡ ಹಣಮಂತ ಸುಣ್ಣ-ಬೆಲ್ಲ ಅರೆದು ಸಂದಿಗೆ ಮೆತ್ತಿದ. "ಗುಮ್ಮಟ ಕಟ್ಟೂ ಗಾರಿ ಇಂಜಿನ್ನಿಗೆ ಹಚ್ಚ್ಯಾನ್ರಿ ನಿಮ್ಮ ಮಗಾ!" ಎಂದು ಮಿಸ್ತ್ರಿ ಚಮನಸಾಬ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಇವನೂ ನಕ್ಕು, "ಇದು ಕಚ್ಚಾ ಕೆಲಸಪಾ. ಲಡಾಯಿ ಮುಗಿಸಿ ಬಂದು ನಾನ ಪಕ್ಕಾ ಮಾಡ್ತೀನಿ. ಅಪ್ಪಾ, ಬ್ಯಾರೇದವರ ಕೈಗೆ ಕೊಡಬ್ಯಾಡ," ಎಂದು ಹೇಳಿ ಪಲ್ಟಣಿನ ಲಾರಿ ಓಡಿಸಲು ಹೋದ.

ಬರ್ಮಾದ ಕಡೆ ಪತ್ತೆಯಿಲ್ಲ ಎಂದು ಸರಕಾರ ತಿಳಿಸಿತು. ಲಡಾಯಿ ಮುಗಿದು ವರುಷ ದಾಟಿತು, ಸೆರೆ ಸಿಕ್ಕವರೂ ಊರಿಗೆ ಬಂದರು. ನಾನು ಮಾತ್ರ ಅದೇ ಸೋರುವ ಗಾಡಿ ಓಡಿಸಿದೆ. ಅವನ ಕೆಲಸ ಅವನಿಗಾಗಿ ಬಾಕಿ ಇರಲಿ, ಬಂದೇ ಬರುತ್ತಾನೆ ಎಂದುಕೊಂಡೆ. ನಿನ್ನತ್ತೆಯದೂ ಅದೇ ಹಟ.

ಮೊನ್ನೆ ತಿಕೋಟಾದ ಸಕೀನಾ ಕೂಸನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಚಳಿ ಎಂದು ಪರದೆ ಇಳಿಸಿದ್ದೆ. ಭೂತನಾಳ ದಾಟುವಷ್ಟರಲ್ಲಿ ಒಳಗೆ ತುಂಬಿದ ಹೊಗೆಗೆ ಕೂಸು ಕತ್ತು ಚೆಲ್ಲಿತು. ಗಾಡಿ ನಿಲ್ಲಿಸಿ, ಹೊರಗೆ ಗಾಳಿಗೆ ಹಿಡಿದು, ಮುಖಕ್ಕೆ ನೀರು ಚಿಮುಕಿಸಿದೆವು. ಎಷ್ಟೋ ಹೊತ್ತಿಗೆ ಅದು ಅತ್ತಿತು. ಸಕೀನಾ ಬೈಯಲಿಲ್ಲ. "ಕಾಕಾ, ನಿಮ್ಮ ಮಗಾ ಬರೂಮಟಾ ನಮ್ಮ ಮಕ್ಕಳು ಉಸರ ಹಿಡಕೊಂಡ ಕೂಡಬೇಕೇನ್ರಿ?" ಎಂದಳು.

ಮರುದಿನವೇ ಚಮನಸಾಬನನ್ನು ಕರೆಸಿದೆ. ಪ್ಯಾಕಿಂಗಿಗೆ ತಾಮ್ರದ ತಗಡು ಬೇಕೆಂದ. ಪೇಟೆಯೆಲ್ಲ ತಿರುಗಿದರೂ ಬೇಕಾದಷ್ಟು ದಪ್ಪದ್ದು ಸಿಗಲಿಲ್ಲ. ಅಷ್ಟರಲ್ಲಿ ನಿನ್ನತ್ತೆ ಬಚ್ಚಲಿನ ಹಂಡೆಯ ಮುಚ್ಚಳ ತಂದು ಅವನ ಮುಂದಿಟ್ಟಳು. ಹಣಮಂತ ಗ್ರೀಸು ಮೈಯಲ್ಲಿ ಬಂದಾನೆಂದು ದಿನಾಲೂ ಸಂಜೆ ನೀರು ಕಾಸುತ್ತಿದ್ದ ಹಂಡೆ ಅದು. ನಿನಗೆ ನಾನು ಹೇಳಬೇಕೆ, ಈ ನಾಲ್ಕು ವರುಷ ಒಲೆಗೆ ಕಟ್ಟಿಗೆ ಹಾಕಿದವಳು ನೀನೇ.

"ಬ್ಯಾಡ್ರಿ ಅವ್ವಾರ, ನಾ ಸೊಲ್ಲಾಪುರದಿಂದ ತಗಡ ತರಸ್ತೀನಿ," ಎಂದ ಚಮನಸಾಬ.

"ನೀರ ಯಾರಿಗೆ ಕಾಸೂದೋ? ಕತ್ತರಸು," ಎಂದಳು.

ಕೊಳವೆ ಬಿಚ್ಚಿದಾಗ ಹಣಮಂತ ಮೆತ್ತಿದ ಗಾರೆ ಕಪ್ಪಾಗಿ ಉದುರಿತು. ಒಂದು ಹೆಂಟೆಯ ಮೇಲೆ ಅವನ ಹೆಬ್ಬೆರಳು ಒತ್ತಿದ ಗುರುತು ಹಾಗೇ ಇತ್ತು. ಅದನ್ನು ಎಸೆಯಲಾರದೆ ಚಮನಸಾಬ ನನ್ನ ಮುಖ ನೋಡಿದ. ನಾನು ಇಸಿದುಕೊಂಡು ಕಿಸೆಗೆ ಹಾಕಿದೆ. ಆಮೇಲೆ ಅವನು ಮುಚ್ಚಳ ಕತ್ತರಿಸಿ, ತೂತು ಕೊರೆದು, ಕೆಂಪಗೆ ಕಾಸಿ ನೀರಿಗೆ ಹಾಕಿ ಮೆತ್ತಗೆ ಮಾಡಿದ. ಸಂದಿಗೆ ಕೂಡಿಸಿ, ನಡುವಿನಿಂದ ಹಿಡಿದು ಎರಡೂ ತುದಿಯ ತನಕ ನಟ್ಟು ಬಿಗಿದು, ಇಂಜಿನ್ ಹಚ್ಚಿದ.

ಇಂಜಿನ್ ಚೆನ್ನಾಗಿ ಕಾದ ಮೇಲೆ ನಿಲ್ಲಿಸಿ, ನಟ್ಟು ಬಿಗಿಯುವ ಪಾನಾ ನನ್ನ ಕೈಗೆ ಕೊಟ್ಟ. "ತಾಮ್ರ ಈಗ ಕೂತೈತ್ರಿ ಕಾಕಾ. ಇನ್ನೊಂದ ಸರತಿ ಬಿಗದ್ರ ಮುಗೀತು. ಇದನ್ನ ನೀವ ಮಾಡ್ರಿ."

ಕೊನೆಯ ನಟ್ಟಿಗೆ ಬಂದಾಗ ಪಾನಾ ಕೆಳಗಿಟ್ಟೆ. ಹಿಂದೆ ನಿಂತಿದ್ದ ನಿನ್ನತ್ತೆ, "ಬಿಗೀರಿ. ಆ ಹುಡಿಗಿ ಹಾದಿ ಕಾಕೋತ ಕೂತಾಳ ಅಲ್ಲಿ," ಎಂದಳು. ಬಿಗಿದೆ.

ಮಗಳೆ, ಈಗ ಹೊಗೆ ಸೋರುವುದಿಲ್ಲ. ಹಣಮಂತನಿಗೆಂದು ಇಟ್ಟ ಕೆಲಸ ಮುಗಿಯಿತು, ನೀನು ಕಾಯಬೇಕಾದದ್ದು ಏನೂ ಇಲ್ಲ. ಶಂಕರೆಪ್ಪನ ಸಂಬಂಧ ನಿನ್ನ ಮನಸ್ಸಿಗೆ ಬಂದರೆ ಒಪ್ಪಿಕೋ. ನಮಗೆ ಕೋಪವಿಲ್ಲ. ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ನೀನು ಹೋದಾಗಿನಿಂದ ಈ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೂ ಜೀವವಿಲ್ಲ. ಆದರೂ ನಿನ್ನ ವಯಸ್ಸೇನು, ನಮ್ಮ ವಯಸ್ಸೇನು! ಸಾರವಾಡದ ಮೇಲೆ ಹಾಯುವಾಗ ನಾನು ಗಾಡಿ ನಿಲ್ಲಿಸುವುದಿಲ್ಲ, ಹಾರ್ನೂ ಹೊಡೆಯುವುದಿಲ್ಲ. ಆ ಮನೆಯವರಿಗೆ ಇರುಸುಮುರುಸು ಆಗಬಾರದು. ಮಕ್ಕಳ ತಾಯಾಗಿ, ಹೊಟ್ಟೆ ತುಂಬ ಉಂಡು, ನಗುನಗುತ್ತಾ ಇರು. ನಮ್ಮಿಬ್ಬರ ಹರಕೆ ಇಷ್ಟೇ.

ನಿನ್ನ ಮಾವ,
ಶಿವಯೋಗೆಪ್ಪ

ತಾ.ಕ.: ಉಡಕಿಗೆ ಮೊದಲು ಹಿಂದಿನ ಮನೆಯ ತಾಳಿ ತಿರುಗಿ ಕೊಡಬೇಕೆಂದು ಹಿರಿಯರು ಹೇಳುತ್ತಾರೆ. ನಿಮ್ಮಪ್ಪ ರೂಢಿ ಬಿಡುವವನಲ್ಲ, ಅರಿವೆಯಲ್ಲಿ ಕಟ್ಟಿಕೊಂಡು ಬಂದೇ ಬರುತ್ತಾನೆ. ಕಳಿಸಬೇಡ ಮಗಳೆ. ಕರಗಿಸಿ ಬೇರೆ ಒಡವೆ ಮಾಡಿಸಿಕೋ, ಇಲ್ಲವೆ ಹೊಳೆಗೆ ಹಾಕು. "ಅದೊಂದ ಮನಿಗೆ ಬರಬಾರದು, ಬರೀರಿ," ಎಂದು ನಿನ್ನತ್ತೆ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಅದು ನಮ್ಮ ಕೈಗೆ ಬಂದರೆ ಮಗ ಸತ್ತ ಎಂದು ನಾವು ಒಪ್ಪಿಕೊಳ್ಳಬೇಕಾಗುತ್ತದೆ. ಕಾಯಬೇಡ ಎಂದು ಬರೆದದ್ದು ನಿನಗಷ್ಟೇ. ನಾವಿಬ್ಬರೂ ಇನ್ನೂ ಕಾಯುತ್ತಿದ್ದೇವೆ.