ಕೊಬ್ಬರಿ ಅಟ್ಟದಲ್ಲಿ ಚಿರತೆ

ಅರಸೀಕೆರೆ
೧೨-೨-೨೦೨೫, ಬುಧವಾರ

ಪ್ರೀತಿಯ ಮೀನಾಕ್ಷಿ,

ಆರು ಸಲ ಫೋನ್ ಮಾಡಿದೆ, ನೀನು ತೆಗೆಯಲಿಲ್ಲ. ಕಾಗದವನ್ನಾದರೂ ಓದುತ್ತೀಯ ಅಂತ ಬಸ್ಸಿನಲ್ಲಿ ಹುಲಿಕೆರೆಗೆ ಕಳಿಸುತ್ತಿದ್ದೇನೆ. ಹೈಸ್ಕೂಲಿನಲ್ಲಿ ನನ್ನ ಅಕ್ಷರ ನೋಡಿ ನಗುತ್ತಿದ್ದೆ. ಈಗಲೂ ಹಾಗೇ ಇದೆ, ಸಹಿಸಿಕೋ.

ನಿಮ್ಮೆಜಮಾನರು ಪುಟ್ಟರಾಜಣ್ಣನ ಭುಜದ ಹೊಲಿಗೆ ಬಿಚ್ಚಿದರಂತೆ, ಸದ್ಯ. ಆದರೆ ಚಿರತೆಯ ಫೋಟೋ ಹಂಚಿ ಜನ ಸೇರಿಸಿದ್ದು ಅವರೇ ಅಂತ ಅರಣ್ಯ ಇಲಾಖೆ ಆಫೀಸಿನಿಂದ ನೋಟಿಸ್ ಬಂದಿದೆಯಂತಲ್ಲ. ಶುಕ್ರವಾರ ಸರಿಯಾದ ಉತ್ತರ ಕೊಡದಿದ್ದರೆ ವಾಚರ್ ಕೆಲಸ ಹೋಗುತ್ತದಂತೆ. ದಿನಗೂಲಿಯವರನ್ನು ಮನೆಗೆ ಕಳಿಸುವುದಕ್ಕೆ ಎಷ್ಟು ಹೊತ್ತು? ಅದಕ್ಕೇ ಆ ದಿನ ನಡೆದದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ತೋಟದ ಶೆಡ್ಡಿಗೆ ಹೋದರೆ ಕಾವಲಿನ ನಾಯಿ ಇಲ್ಲ, ನೆಲದ ಮೇಲೆ ರಕ್ತ. ತಲೆ ಎತ್ತಿದೆ. ಕೊಬ್ಬರಿಗೆ ಅಂತ ಕಾಯಿ ತುಂಬಿಟ್ಟಿದ್ದ ಅಟ್ಟದಿಂದ ಬಾಲ ಇಳಿಬಿದ್ದಿತ್ತು. ಆಫೀಸಿಗಿಂತ ಮೊದಲು ಪುಟ್ಟರಾಜಣ್ಣನಿಗೇ ಫೋನ್ ಮಾಡಿದೆ. ಹತ್ತು ನಿಮಿಷಕ್ಕೆ ಬಂದರು. ಹಿಂಬಾಗಿಲು ತೆರೆದಿಟ್ಟರು, ಮುಂಬಾಗಿಲಿನ ಹತ್ತಿರ ನನ್ನನ್ನು ನಿಲ್ಲಿಸಿ ಪಾಠ ಹೇಳಿದರು: "ಅದು ತಾನಾಗಿ ಮನುಷ್ಯರ ಮೇಲೆ ಬೀಳೋದು ಕಮ್ಮಿ ಕಣಕ್ಕ. ಹುಲ್ಲು ಕುಯ್ಯೋರು ಬಗ್ಗಿರೋವಾಗ ಒಂದೊಂದು ಸಲ ಆಯ್ತದೆ. ಗಾಯ ಜಾಸ್ತಿ ಆಗೋದು ಜನ ಸುತ್ತಾಕ್ಕೊಂಡಾಗ. ದಾರಿ ಬಿಟ್ರೆ ಹೊತ್ತು ಮುಳುಗೋ ಹೊತ್ತಿಗೆ ಅದರ ಪಾಡಿಗೆ ಹೋಯ್ತದೆ." ನಾನು ತಲೆಯಾಡಿಸಿದೆ. ತಲೆಯಾಡಿಸುತ್ತಲೇ ಫೋನ್ ಎತ್ತಿ ಫೋಟೋ ತೆಗೆದೆ.

ಹೌದು ಮೀನಾಕ್ಷಿ, ತೆಗೆದದ್ದು ನಾನು. "ಬ್ಯಾಡ ಕಣಕ್ಕ, ಒಳಗಿಡಿ" ಅಂದರು. ಅಷ್ಟರಲ್ಲಿ ಒಬ್ಬರಿಗೆ ಕಳಿಸಿಯಾಗಿತ್ತು. ಆ ಒಬ್ಬರು ಫೋಟೋ ಮಾತ್ರ ಮಾರ್ಕೆಟ್ಟಿನವರ ವಾಟ್ಸಾಪ್ ಗುಂಪಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಬೈಕು, ಆಟೋ, ಟ್ರ್ಯಾಕ್ಟರು. ತೆರೆದಿಟ್ಟ ಹಿಂಬಾಗಿಲಿನಲ್ಲೇ ಹೆಚ್ಚು ಜನ, ಅಲ್ಲಿಂದ ಚೆನ್ನಾಗಿ ಕಾಣುತ್ತದಂತೆ! ಯಾರೋ ಹೆಂಚು ತೆಗೆದು ಕಾಯಿ ಎಸೆದರು. ಚಿರತೆ ಧುಮುಕಿ ಆ ಬಾಗಿಲಿಗೇ ನುಗ್ಗಿತು. ಅಡ್ಡ ನಿಂತಿದ್ದ ಮುದುಕಿಯನ್ನು ಪುಟ್ಟರಾಜಣ್ಣ ಪಕ್ಕಕ್ಕೆ ತಳ್ಳಿದರು, ಅದು ಅವರ ಭುಜದ ಮೇಲೆಯೇ ಹಾದುಹೋಯಿತು. ಒಂದು ಕ್ಷಣವೂ ನಿಲ್ಲಲಿಲ್ಲ, ತೋಟ ದಾಟಿ ಓಡಿತು.

ಸಾಯಂಕಾಲ ಆಫೀಸಿನವರು ಕೇಳಿದಾಗ ಫೋಟೋ ವಿಷಯ ನನಗೇನೂ ಗೊತ್ತಿಲ್ಲ ಅಂದುಬಿಟ್ಟೆ. ಫೋಟೋ ತೆಗೆದಾಗ ಶೆಡ್ಡಿನೊಳಗೆ ಇದ್ದವರು ಇಬ್ಬರೇ. ನಾನಲ್ಲ ಅಂದಮೇಲೆ ಉಳಿದವರು ಅವರೇ ತಾನೆ? ಆಸ್ಪತ್ರೆಗೆ ಹೋಗಿ ಅವರ ಮುಂದೆ ಕೂತೆ. ಆಫೀಸಿನವರ ಮುಂದೆ ನನ್ನ ಹೆಸರು ಎತ್ತಿರಲಿಲ್ಲ ಅವರು, "ಕಾಫಿ ಕುಡೀರಿ ಉಷಕ್ಕ" ಅಂದರು. ನನಗೆ ಅಲ್ಲೇ ಭೂಮಿಗೆ ಇಳಿದುಹೋಗುವಂತಾಯಿತು. ಆದರೂ ಬಾಯಿ ಬಿಡಲಿಲ್ಲ, ಅಷ್ಟು ಹೇಡಿ ನಾನು.

ಇವತ್ತು ಎಲ್ಲ ಬರೆದು, ಸಹಿ ಹಾಕಿ, ಆಫೀಸಿನಲ್ಲಿ ಕೊಟ್ಟು ಬಂದಿದ್ದೇನೆ. ಅದರ ಪ್ರತಿ ಇದರ ಜೊತೆಗಿದೆ. ಶುಕ್ರವಾರ ನಾನೂ ಅಲ್ಲಿರುತ್ತೇನೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇನೆ. ಆಮೇಲೆ ನೀನು ಬೈದರೂ ಸರಿ, ಮಾತು ಬಿಟ್ಟರೂ ಸರಿ. ಬೈದರೆ ಒಳ್ಳೆಯದು.

ನಿನ್ನ
ಉಷಾರಾಣಿ

ತಾ.ಕ.: ಆ ಒಬ್ಬರು ಯಾರು ಅಂತ ಆಫೀಸಿಗೆ ಬರೆದಿಲ್ಲ, ನಿನಗೆ ಹೇಳುತ್ತೇನೆ. ಎರಡು ವರ್ಷದಿಂದ ಬೇಲೂರಿನಲ್ಲಿ ಬೇರೆ ಇರುವ ನಮ್ಮೆಜಮಾನರು. ಫೋಟೋದ ಕೆಳಗೆ "ಒಬ್ಬಳೇ ಇದ್ದೇನೆ" ಅಂತ ಬರೆದಿದ್ದೆ. ಪುಟ್ಟರಾಜಣ್ಣ ಪಕ್ಕದಲ್ಲೇ ಇದ್ದರು, ಬರೆದದ್ದು ಸುಳ್ಳು. ಹೆದರಿ ಓಡಿ ಬರುತ್ತಾರೆ ಅಂದುಕೊಂಡೆ ಕಣೇ. ಮುನ್ನೂರು ಜನ ಬಂದರು. ಅವರು ಬರಲಿಲ್ಲ.