ಮಾಮಾ ತೋರಿಸಿದ ಊರುಗಳು

ಆಳಂದ
ಮಂಗಳವಾರ, ತಾ. ೧೫ ಫೆಬ್ರುವರಿ ೧೯೩೮

ನನ್ನ ಮುದ್ದಿನ ತಂಗಿ ಮಾಳಮ್ಮಗ,

ನಿನ್ನ ಅಕ್ಕನ ನೆನಪು. ಹ್ಯಾಂಗಿದ್ದಿ? ಕೆಮ್ಮು ಹೋತೇನು? ಅವ್ವನ ಮಂಡಿನೋವು ಕಡಿಮಿ ಆಗಿದ್ರೂ ಎರಡು ದಿನ ಆಕಿನ್ನ ಬಾವಿಗೆ ಕಳಸಬ್ಯಾಡ, ನೀನೇ ನೀರು ತಾ. ಅಪ್ಪಾಜಿ ಜ್ವಾಳದ ರಾಶಿಯೊಳಗ ಇರಬೇಕು. ನಮ್ಮೂರ ಬಳಿಗಾರ ಸುಲ್ತಾನಬಿ ಇಲ್ಲಿ ದರ್ಗಾಕ ಹರಕಿ ಮುಟ್ಟಸಲಿಕ್ಕೆ ಬಂದಾಳ. ನಾಳೆ ಮುಂಜಾನಿ ಮೋಟಾರಿಗೆ ಜೇವರ್ಗಿಗೆ ಹೊಂಟಾಳ ಅಂತ ಗೊತ್ತಾದ ಕೂಡಲೇ ಈ ಕಾಗದ ಬರಿಯಾಕ ಕುಂತೇನಿ. ಟಪಾಲಿಗೆ ಹಾಕಿದ್ರ ನನಗಿಂತ ಹಿಂದ ಬರ್ತದ.

ನಿಮ್ಮ ಮಾಮಾ ನನಗ ಊರು ತೋರಸಾಕ ಕರಕೊಂಡು ಹೊಂಟಾರ ಅಂತ ಕೇಳಿ ನೀ ನಗಬಹುದು. ನನಗೂ ಮೊದಲ ನಗಿನೇ ಬಂದಿತ್ತು. ಲಗ್ನಾಗಿ ಒಂಬತ್ತು ವರ್ಷ, ಸಿಂದಗಿ ಸಂತಿ ಬಿಟ್ಟು ಏನೂ ತೋರಿಸಿದವರಲ್ಲ. ಹೋದ ವಾರ ಉಣ್ಣೂ ಹೊತ್ತಿನ್ಯಾಗ, “ಸುಂದ್ರಾ, ಸವಾರಿ ಬಂಡಿ ಕಟ್ಟಸ್ತೇನಿ. ಅಫಜಲಪುರ, ಗಾಣಗಾಪುರ, ಆಳಂದ ಎಲ್ಲಾ ನೋಡಕೋತ ನಿನ್ನ ತವರಿಗೆ ಹೋಗೂಣು” ಅಂದ್ರು. ಅತ್ತಿ ಎದ್ದು ಒಳಗ ಹೋಗಿ ತಾವೇ ರೊಟ್ಟಿ ಬುತ್ತಿ ಕಟ್ಟಿಕೊಟ್ಟರು. ಎರಡನೇ ಕೂಸೂ ಉಸಿರಿಲ್ಲದ ಹುಟ್ಟಿದ ಮ್ಯಾಲ ನನ್ನ ಕೂಡ ಸರಿಯಾಗಿ ಮಾತಾಡದವರು, ಅವತ್ತು ನನ್ನ ತಲಿ ಹಿಕ್ಕಿ ಹೂವು ಮುಡಿಸಿದರು. ಅದಕ್ಕೇ ನಾ ಅಂಜಬೇಕಾಗಿತ್ತು. ಹುಚ್ಚಿ, ಖುಷಿಪಟ್ಟೆ.

ಭೀಮಾ ನದಿ ದಾಟೂತನಾ ಎಲ್ಲಾ ಛಂದ ಇತ್ತು. ನೀರು ಎತ್ತಿನ ಮೊಣಕಾಲತನಾ ಇತ್ತು, ಬಂಡಿ ಹೊಡಿಯೂ ಮಾಳಿಂಗಪ್ಪ ಹಾಡಕೋತ ದಾಟಿಸಿದ. ಈ ಕಡೆ ನಿಜಾಮರ ಸುಂಕದ ನಾಕಾದವರು ಟ್ರಂಕ ಬಿಚ್ಚಿ ಎಲ್ಲಾ ಹರವಿ ನೋಡಿ ಬಿಟ್ಟರು. ಕುಸುಬಿ ಹೊಲ ಎರಡೂ ಕಡೆ ಹಳದಿ. ನಿಮ್ಮ ಮಾಮಾ ಒಂದು ಹೂವು ಹರದು ನನ್ನ ಕೈಯಾಗ ಇಟ್ಟು, ಮುಳ್ಳು ಚುಚ್ಚಿತು ಅಂತ ತಾವೇ ಕೈ ಒರಸಿದರು. ಅಫಜಲಪುರದಾಗ ಗುಡಿ ನೋಡಿದೆವು, ಪ್ಯಾಟಿ ನೋಡಿದೆವು, ಒಬ್ಬ ಸಾವಕಾರರ ಮನ್ಯಾಗ ಇಳಕೊಂಡೆವು. ಅವರು ನಮಗ ಏನಾಗಬೇಕೋ ಯಾರೂ ಹೇಳಲಿಲ್ಲ. ಚಹಾ ತಂದ ಹುಡುಗಿಗೆ ಹದಿನಾರು ಇದ್ದೀತು. ಹಬ್ಬಿಲ್ಲ ಹುಣ್ಣಿವಿ ಇಲ್ಲ, ರೇಷ್ಮಿ ಸೀರಿ ಉಟ್ಟಿದ್ದಳು. ನಿಮ್ಮ ಮಾಮಾ ಆಕಿನ್ನ ಹೆಸರು ಕೇಳಿದ್ರು, ಓದಾಕ ಬರ್ತದೇನು ಅಂದ್ರು. ಆಕಿ ಅವ್ವ ನನ್ನ ಮಾರಿ ನೋಡಲಿಲ್ಲ. ಹೊಂಡೂ ಮುಂದ ನನಗ ಉಡಿ ತುಂಬಿ, ಒಮ್ಮಿಂದೊಮ್ಮೆಲೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಯಾಕ ಅಳ್ತೀರಿ ಅಂತ ಕೇಳಿದೆ. “ಹೊಗಿ ತಂಗೀ” ಅಂದಳು. ಒಲಿ ಆರಿ ಎಷ್ಟೋ ಹೊತ್ತಾಗಿತ್ತು.

ಗಾಣಗಾಪುರದಾಗ ಸಂಗಮದಾಗ ಮಿಂದು ಮಧ್ಯಾಹ್ನದ ಆರತಿಗೆ ಹೋದೆವು. ಮಾಳಮ್ಮ, ಅಲ್ಲಿ ಗಾಳಿ ಬಡದವರು ನಗಾರಿ ಶುರು ಆದ ಕೂಡಲೇ ಚೀರತಾರ, ಕಂಬ ಹತ್ತತಾರ. ಒಬ್ಬಾಕಿ ಕೂದಲ ಬಿಚ್ಚಿಕೊಂಡು ನನ್ನ ಕಾಲ ಹತ್ತರನೇ ಬಿದ್ದಳು. ನಿಮ್ಮ ಮಾಮಾನ ಅಂಗಿ ಗಟ್ಟಿ ಹಿಡಕೊಂಡೆ. ಅವರು ನನ್ನ ಕೈ ಬಿಡಿಸಲಿಲ್ಲ, ಆದ್ರ ಅವರ ಕಣ್ಣು ಎಲ್ಲೋ ಇತ್ತು. ಅಲ್ಲಿಂದ ಎರಡು ಹರದಾರಿ ದೂರದ ಹಳ್ಯಾಗ ಮತ್ತೊಂದು ಮನಿ, ಮತ್ತೊಂದು ಹುಡುಗಿ. ಈಕಿಗೆ ಅಂಗಳದಾಗ ನಡದು ತೋರಸಂದ್ರು. ಕಾಲು ಛಲೋ ಅದಾವೋ ಇಲ್ಲೋ ನೋಡಾಕ. ನನ್ನ ನೋಡಾಕ ಬಂದಾಗ ನಾನೂ ಹಂಗೇ ನಡದಿದ್ದೆ, ನೀ ಬಾಗಲ ಸಂದಿಯಿಂದ ನೋಡಿ ನಕ್ಕಿದ್ದಿ. ಚಹಾ ಹಂಗೇ ಬಿಟ್ಟು ಎದ್ದೆ. ಬಂಡಿ ಹತ್ತಿ ಕುಂತೆ. ಮಾಳಿಂಗಪ್ಪ ಹಾಡೂದು ಬಿಟ್ಟಿದ್ದ. ಅವಗೂ ಗೊತ್ತಿತ್ತು. ಹಿಂದ ಹೊಳ್ಳಿ ನನ್ನ ನೋಡಲಿಲ್ಲ, ಎತ್ತಿಗೆ ಸುಮ್ಮನ ಬಾರಕೋಲು ಬೀಸಿದ.

ನೀ ಕೇಳ್ತಿ, ಯಾಕ ಸುಮ್ಮನಿದ್ದಿ ಅಕ್ಕಾ ಅಂತ. ಬಾಯಿ ಬಿಟ್ಟು ಕೇಳಿದ್ರ ಅವರು ಹೌದು ಅಂದಾರು ಅನ್ನೋ ಅಂಜಿಕಿ. ಕೇಳೂತನಾ ಅದು ಸುಳ್ಳಾದರೂ ಆದೀತು ಅಂತ ಆಸೆ. ಆಳಂದಕ್ಕ ಬಂದು ಅತ್ತಿ ತಮ್ಮ ಅಂಬಾರಾಯ ಅವರ ಮನ್ಯಾಗ ಇಳದು ಮೂರು ದಿನ ಆತು. ಮೊದಲನೇ ದಿನ ದರ್ಗಾಕ ಹೋದೆವು. ಬ್ಯಾರೇ ಹೆಣ್ಣುಮಕ್ಕಳು ಕೂಸು ಬೇಡಿದ್ರು, ನಾ ಏನು ಬೇಡಬೇಕಂತ ತಿಳೀದ ನಿಂತೆ. ನಿನ್ನೆ ಜಿಡಗಾ ಮಠಕ್ಕ ಹೊಂಟಿದ್ದೆವು. ಹಾದ್ಯಾಗ ಒಂದು ಬೇವಿನ ಗಿಡ ಬಂತು. ನನಗ ಎಲ್ಲಿಂದ ಧೈರ್ಯ ಬಂತೋ, “ಮಾಳಿಂಗಪ್ಪ, ಬಂಡಿ ನಿಲ್ಲಸು, ಎತ್ತಿಗೆ ನೀರು ಕುಡಿಸಿಕೊಂಡು ಬಾ” ಅಂದೆ. ಅಂವ ಎತ್ತು ಹೊಡಕೊಂಡು ದೂರ ಹ್ವಾದ.

“ಎಷ್ಟನೇ ಹುಡುಗಿ ಒಪ್ಪಿಗಿ ಆದಳ್ರಿ?” ಅಂತ ಕೇಳೇ ಬಿಟ್ಟೆ.

ಅವರ ಮಾರಿ ಬೂದಿ ಆತು. ಬಂಡಿ ಇಳದು ಗಾಲಿ ಹಿಡಕೊಂಡರು. ಆಮ್ಯಾಲ, “ಅವ್ವ ಅನ್ನ ಬಿಟ್ಟು ಕುಂತಿದ್ದಳು ಸುಂದ್ರಾ, ನಾ ಏನು ಮಾಡ್ಲಿ? ನಿನ್ನ ಬಿಡೂದಿಲ್ಲ. ಮನಿ ಯಜಮಾನ್ತಿ ನೀನೇ” ಅಂದ್ರು. ನನ್ನ ಕಣ್ಣ ಮುಂದನೇ ಯಾಕ ತೋರಸಾಕತ್ತೀರಿ ಅಂದೆ. ಅದಕ್ಕ ಅವರು ಏನಂದ್ರು ಗೊತ್ತೇನು? ಹಿರೇ ಹೆಂಡ್ತಿ ಜೊತಿಗೆ ಬಂದಿದ್ರ, ಆಕಿ ಒಪ್ಪಿಗಿ ಅದ ಅಂತ ಹೆಣ್ಣಿನವರಿಗೆ ಧೈರ್ಯ ಬರ್ತದಂತ. ಊರು ತೋರಸೂದಲ್ಲವ್ವ, ಊರೂರಿಗೆ ನನ್ನ ತೋರಿಸಿಕೋತ ಬಂದಾರ.

ನಾ ಅಳಲಿಲ್ಲ. “ಇನ್ನ ಯಾರ ಮನಿ ಹೊಸ್ತಿಲೂ ನಾ ತುಳಿಯೂದಿಲ್ಲ. ಬೇಕಾದ್ರ ಇಲ್ಲೇ ಇಳಿಸಿ ಹೋಗ್ರಿ” ಅಂದೆ. ನಿಜವಾಗಿ ಇಳಿಸಿ ಹೋದ್ರ? ಆದ್ರ ಅವರು ಗಾಲಿಗೆ ಹಣಿ ಹಚ್ಚಿ ಕೂಸಿನಂಗ ಅತ್ತರು. ಇನ್ನ ಯಾವ ಮನಿಗೂ ಬ್ಯಾಡ, ಸೀದಾ ಜೇವರ್ಗಿಗೆ ಹೋಗೂಣು ಅಂದ್ರು. ಮಠದಾಗ ಗದ್ದಗಿ ಮುಂದ ಕುಂತಾಗ ಎಷ್ಟೋ ದಿನದ ಮ್ಯಾಲ ಉಸಿರು ಸರಾಗ ಬಂತು. ಪ್ರಸಾದ ಹೊಟ್ಟಿ ತುಂಬ ಉಂಡೆ. ಅಂಜಿಕಿ ಪೂರಾ ಹೋಗ್ಯಾದ ಅನ್ನಂಗಿಲ್ಲ, ಆದ್ರೂ ಅವರು ಕಲ್ಲಲ್ಲ, ಅಂಜುಬುರುಕರು ಅಷ್ಟೇ. ನಾಡಿದ್ದು ಇಲ್ಲಿಂದ ಹೊಂಟು, ಕಡಗಂಚಿ, ಕಲಬುರ್ಗಿ ಮ್ಯಾಲೆ ಹಾದು ಶನಿವಾರ ಸಂಜಿಗೆ ಮನಿ ಮುಟ್ಟತೇವಿ. ಅವ್ವನ ತೊಡಿ ಮ್ಯಾಲ ತಲಿ ಇಟ್ಟು ಮಲಗಬೇಕು ಅಷ್ಟೇ ಆಸೆ.

ಅವ್ವಗ, ಅಪ್ಪಾಜಿಗ ನನ್ನ ಶರಣು. ನಿನ್ನ ಓದು ಬಿಡಬ್ಯಾಡ, ಮಾಸ್ತರಣಿ ಆಗೇ ಆಗ್ತಿ ನೀ. ಬಸವಣ್ಣ ನಿನ್ನ ತಣ್ಣಗ ಇಟ್ಟಿರಲಿ.

ನಿನ್ನ ಅಕ್ಕ,
ಸುಂದರಬಾಯಿ

ತಾಜಾ ಕಲಂ: ಕಾಗದ ಮಡಚಿ ಸುಲ್ತಾನಬಿನ್ನ ಹುಡುಕಾಕ ಹೊಂಟಿದ್ದೆ. ಪಡಸಾಲ್ಯಾಗ ನಿಮ್ಮ ಮಾಮಾ, ಅಂಬಾರಾಯ ಮಾತಾಡಾಕತ್ತಿದ್ರು. ನಿನ್ನ ಹೆಸರು ಕೇಳಿ ನಿಂತೆ. ಅತ್ತಿ ತಿಂಗಳ ಹಿಂದನೇ ಅಪ್ಪಾಜಿಗೆ ಬರದಾರಂತ. ಅಕ್ಕ ತಂಗಿ ಒಂದೇ ಮನ್ಯಾಗ ಇದ್ರ ಜಗಳಿಲ್ಲ ಅಂತ ಅಪ್ಪಾಜಿ ಹ್ಞೂಂ ಅಂದಾರಂತ. ಬ್ಯಾರೇ ಹುಡುಗ್ಯಾರು ಒಪ್ಪಿಗಿ ಆಗಲಿಲ್ಲಂದ್ರ ನೀನೇ ಅಂತ ಮೊದಲೇ ಮಾತಾಗಿತ್ತು. ಅದಕ್ಕೇ ಸೀದಾ ಜೇವರ್ಗಿ. ಭಾನುವಾರ ಕುಂಕುಮ ಹಚ್ಚತಾರ. ಅಪ್ಪಾಜಿಗೆ ಕೇಳಬ್ಯಾಡ, ಅಳಬ್ಯಾಡ. ಅವ್ವಗ ಒಬ್ಬಾಕಿಗೇ ಓದಿ ಹೇಳು, ಆಕಿ ನಿನ್ನ ತಡಿಯೂದಿಲ್ಲ. ಸುಲ್ತಾನಬಿ ಗುರುವಾರ ಮಗಳ ಮನಿಗೆ ಶಹಾಬಾದಕ್ಕ ಹೊಂಟಾಳ, ಬಳಿ ಬುಟ್ಟಿ ಹಿಡಕೊಂಡು ಆಕಿ ಜೊತಿ ಹೋಗು. ಅಲ್ಲಿ ನಮ್ಮ ದೊಡ್ಡವ್ವ ಸುಭದ್ರಾಬಾಯಿ ಇದ್ದಾಳ. ಬಾಗಲಿಗೆ ಯಾರು ಬಂದ್ರೂ ಆಕಿ ನಿನ್ನ ಕೊಡೂದಿಲ್ಲ. ಹುಟ್ಟಿದಾಗಿಂದ ನಿನ್ನ ಎತ್ತಿ ಆಡಿಸಿದಾಕಿ ನಾ, ತವರಿಗೆ ಬಂದಾಗ ಮೊದಲ ನಿನ್ನ ಮಾರೀನೇ ನೋಡಿದಾಕಿ. ಶನಿವಾರ ನಾ ಬಂದಾಗ ನೀ ಮನ್ಯಾಗ ಇರಬ್ಯಾಡ.