ಹೊಸ್ತಿಲ ಮೇಲಿನ ಪಾದ

ಮುಂಬಯಿ
೧೪ ಆಗಸ್ಟ್ ೧೯೭೮

ತುರುವನೂರು ಶಾಲೆಯ ಮೇಷ್ಟ್ರಿಗೆ ನಿಮ್ಮ ಮನೆಯವಳು ಜಯಕ್ಕನ ನಮಸ್ಕಾರಗಳು.

ಹಿಂದಿನ ಪತ್ರಗಳಿಗೆ ನಿಮ್ಮಿಂದ ಉತ್ತರವಿಲ್ಲ. ಉತ್ತರ ಬರೆಯದ ಮಕ್ಕಳಿಗೆ ಬೆತ್ತ ತೋರಿಸುವವರು ಹೆಂಡತಿಗೊಂದು ಕಾರ್ಡು ಗೀಚಬಾರದೇ? ಇರಲಿ, ನಾನೇ ಬರೆಯುತ್ತೇನೆ.

ಡ್ರಾಯಿಂಗ್ ಟೀಚರಾದ ನನಗೆ ಕಂಪ್ಯೂಟರ್ ತರಬೇತಿ ಯಾಕೆ ಎಂದು ಅತ್ತೆ ಕೇಳಿದ್ದರು. ಇಲ್ಲಿ ಚಿತ್ರವನ್ನು ನಡೆಸುವುದು ಕಲಿಸುತ್ತಾರೆ. ಕಂಪ್ಯೂಟರ್ ಎಂದರೆ ಕೋಣೆ ತುಂಬ ಬೀರುಗಳು. ಚಿತ್ರ ಬರೆದು, ಗೆರೆ ತಿರುಗುವಲ್ಲೆಲ್ಲ ರಂಗೋಲಿಗೆ ಇಟ್ಟ ಹಾಗೆ ಚುಕ್ಕಿ ಇಟ್ಟು, ಆ ಚುಕ್ಕಿಗಳನ್ನು ಅಂಕಿಗಳಾಗಿಸಿ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಕೊಡಬೇಕು. ಮೊದಲ ಚಿತ್ರ, ಕೊನೆಯ ಚಿತ್ರ ನಮ್ಮವು. ನಡುವಿನವನ್ನು ಅದೇ ಲೆಕ್ಕ ಹಾಕಿ, ಪೆನ್ನು ಕಟ್ಟಿದ ಯಂತ್ರದಿಂದ ಹಾಳೆಗಳ ಮೇಲೆ ಬರೆಸುತ್ತದೆ. ಹಾಳೆಗಳನ್ನು ಜೋಡಿಸಿ ಹಿಡಿದು ಹೆಬ್ಬೆರಳಿನಲ್ಲಿ ಸರ್ರನೆ ಬಿಟ್ಟರೆ ಚಿತ್ರ ನಡೆಯುತ್ತದೆ.

ಯಾರನ್ನಾದರೂ ನಡೆಸಿ ತನ್ನಿ ಎಂದು ಮೊದಲ ಪಾಠ ಕೊಟ್ಟರು. ಒಬ್ಬ ಸಿಪಾಯಿಯನ್ನು ಬರೆದ, ಇನ್ನೊಬ್ಬ ಆನೆಯನ್ನು ಬರೆದ. ನಾನು ನಮ್ಮ ಕೂಸು ಎತ್ತಪ್ಪನನ್ನು ಬರೆದೆ. ಸಿಟ್ಟಾಗಬೇಡಿ. ಮೊದಲ ಚಿತ್ರದಲ್ಲಿ ಅವನು ಶ್ರೀರಾಂಪುರದ ನಮ್ಮ ಮನೆಯ ಬಾಗಿಲು ಹಿಡಿದು ಒಳಗೆ ನಿಂತಿದ್ದಾನೆ. ಕೊನೆಯದರಲ್ಲಿ ಹೊಸ್ತಿಲ ಆಚೆ, ನಿಮ್ಮ ತೋಳಿನಲ್ಲಿದ್ದಾನೆ. ಮುಖ ಬರೆದಿಲ್ಲ. ಅಷ್ಟು ಸೂಕ್ಷ್ಮ ಯಂತ್ರಕ್ಕೆ ಬರುವುದಿಲ್ಲ.

ಆ ವಾರ ನಿಮಗೂ ನೆನಪಿದೆ. ಅವನು ಹೊಸ್ತಿಲ ತನಕ ಬಂದು ನಿಲ್ಲುತ್ತಿದ್ದ. ನಿಮಗೆ ತುರುವನೂರಿನಲ್ಲಿ ಪರೀಕ್ಷೆಯ ಕೆಲಸ. ಅತ್ತೆ ಬಾಗಿಲಿಗೆ ಅಡ್ಡ ಹಲಗೆ ಇಟ್ಟು, “ಅಪ್ಪ ಆಚಿಗೆ ಕುಂತು ಕರೀಬೇಕು, ಕಾಯಿ ಒಡೀಬೇಕು, ಆಗ್ಲೇ ಕೂಸು ದಾಟ್ಬೇಕು. ನಮ್ಮನೇಲಿ ಹಂಗೇ ಐತೆ ಕಣವ್ವ” ಎಂದರು. ಶನಿವಾರ ಬರುತ್ತೇನೆ, ಅಲ್ಲಿಯವರೆಗೆ ಅವನನ್ನು ತಡೆಯಿರಿ ಎಂದು ನೀವೂ ಕಾರ್ಡು ಬರೆದಿರಿ. ಅವನು ಹಲಗೆ ಬಡಿದು ಬಡಿದು ನಗುತ್ತಿದ್ದ. ನಿಮ್ಮ ಬಸ್ಸಿಗಿಂತ ಮೊದಲು ಜ್ವರ ಬಂತು. ಹೊಸದುರ್ಗದ ಆಸ್ಪತ್ರೆಗೆ ಓಡುವಾಗ ಹಲಗೆಯನ್ನು ಕಾಲಲ್ಲೇ ತಳ್ಳಿದೆ. ಹೊಸ್ತಿಲು ದಾಟಿದ, ನನ್ನ ಹೆಗಲ ಮೇಲೆ ಮಲಗಿಕೊಂಡು.

ಯಂತ್ರ ಅವನನ್ನು ನಡೆಸಿತು. ಆದರೆ ಪಾದ ಹೊಸ್ತಿಲ ಮರದೊಳಗೇ ನುಗ್ಗಿ ಆಚೆ ಬಂತು. ಅದಕ್ಕೆ ಹೊಸ್ತಿಲೆಂದರೇನು ಗೊತ್ತು? ಪಾದ ಎತ್ತಿದ ಚಿತ್ರವೊಂದನ್ನು ನಡುವೆ ಸೇರಿಸಿ ಎಂದರು ಇಲ್ಲಿನ ಮೇಷ್ಟ್ರು. ಪೆನ್ಸಿಲ್ ಹಿಡಿದು ಕೂತೆ. ಆ ಪಾದವನ್ನು ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಎಲ್ಲರ ಎದುರಿಗೇ ಅತ್ತುಬಿಟ್ಟೆ.

ಅವನನ್ನು ಮಣ್ಣು ಮಾಡಿ ಬಂದ ದಿನ “ನಾನೇ ತಡ್ದೆ ಕಣೇ” ಎಂದಿರಿ. ಅದೇ ಕೊನೆ, ಆಮೇಲೆ ನನ್ನೊಂದಿಗೆ ಮಾತಿಲ್ಲ. ಅಮ್ಮನನ್ನು ನೋಡಲು ಬಂದರೂ ಹಿತ್ತಿಲ ಬಾಗಿಲಿನಿಂದ ಬಂದು ಹೋಗುತ್ತೀರಂತೆ. ಜ್ವರ ತಂದದ್ದು ನಿಮ್ಮ ಕಾರ್ಡಲ್ಲ, ಅತ್ತೆಯ ಹಲಗೆಯೂ ಅಲ್ಲ. ಹಾಳೆಗಳನ್ನು ಇದರ ಜೊತೆ ಕಳಿಸಿದ್ದೇನೆ. ಒಬ್ಬರೇ ಇರುವಾಗ ಬಿಡಿಸಿ ನೋಡಿ. ದೀಪಾವಳಿಗೆ ಊರಿಗೆ ಬರುತ್ತೇನೆ. ನೀವು ಮುಂಬಾಗಿಲಿನಿಂದ ಬನ್ನಿ. ಒಬ್ಬಳೇ ಅತ್ತು ಅತ್ತು ಸಾಕಾಗಿದೆ.

ಇಂತಿ ನಿಮ್ಮ
ಜಯಕ್ಕ

ತಾ.ಕ.: ಯಂತ್ರದ ಬಗ್ಗೆ ಸುಳ್ಳು ಹೇಳಿದೆ. ಚುಕ್ಕಿ ಕೊಟ್ಟರೆ ಅದು ಮುಖವನ್ನೂ ಬರೆಯುತ್ತದೆ. ನನಗೇ ಮುಖ ಮರೆಯುತ್ತಿದೆ. ವರ್ಷ ತುಂಬದ ಕೂಸಿಗೆ ದೃಷ್ಟಿಯಾಗುತ್ತದೆಂದು ಒಂದು ಫೋಟೋ ಕೂಡ ತೆಗೆಸಲಿಲ್ಲ. ಅವನ ಕೆನ್ನೆಯ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ? ಇದೊಂದಕ್ಕಾದರೂ ಉತ್ತರ ಬರೆಯಿರಿ.